ಕೋಟೆಗೆ ಬೆನ್ನು ಹಾಕಿದ ಮೈಕಮ್ಮ

ಕಡಲಂಚಿನ ಆ ಹಳೆಯ ರಾಜಧಾನಿಯಲ್ಲಿ ಕೋಟೆ, ಅರಮನೆ, ಗಡಿಯಾರದ ಗೋಪುರ, ದೀಪಸ್ತಂಭ ಎಲ್ಲವನ್ನೂ ಒಂದೇ ಹಗಲಿನಲ್ಲಿ ತೋರಿಸುವ ಹಳದಿ ಬಸ್ಸೊಂದಿತ್ತು. ಬೆಳಿಗ್ಗೆ ಹಳೇ ಚೌಕದಲ್ಲಿ ಹತ್ತಿಸಿಕೊಂಡ ಪ್ರವಾಸಿಗರನ್ನು ಸಂಜೆ ಅಲ್ಲಿಯೇ ತಂದು ಇಳಿಸುತ್ತಿತ್ತು. ಅದರಲ್ಲಿ ಮೈಕು ಹಿಡಿದು ವಿವರಣೆ ಕೊಡುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಊರಿಗೆಲ್ಲ ಅವಳು ಮೈಕಮ್ಮ. ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೂಡ ಮಾತಿಗೆ ಮಾತು ಬೆಳೆದಾಗ, "ಮೈಕು ಸ್ವಲ್ಪ ಕೆಳಗಿಡ್ತೀಯಾ?" ಎನ್ನುತ್ತಿದ್ದ.

ಡ್ರೈವರ್ ಸೀಟಿನ ಪಕ್ಕದ ಕಂಬಿಗೆ ಒರಗಿ, ಮುಂದಿನ ಗಾಜಿಗೆ ಬೆನ್ನು ಹಾಕಿ, ಪ್ರಯಾಣಿಕರ ಕಡೆ ಮುಖ ಮಾಡಿ ನಿಂತು ಮಾತಾಡುವುದು ಅವಳ ಉದ್ಯೋಗ. ಮಾತಿಗೇನೂ ಬರವಿರಲಿಲ್ಲ. "ನಿಮ್ಮ ಬಲಗಡೆ ನೋಡಿ" ಎನ್ನುತ್ತ ತನ್ನ ಎಡಗೈ ಎತ್ತುವುದು ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿಯೂ ಬಲಗಡೆ ಕಪಾಟು ಎಂದರೆ ಎಡಗಡೆಯದು ಎಂದು ಗಂಡ ತಿಳಿದುಕೊಂಡಿದ್ದ.

ಇಪ್ಪತ್ತು ವರ್ಷ ಊರನ್ನು ತೋರಿಸಿದ ಈ ಮೈಕಮ್ಮ ಮಾತ್ರ ಊರನ್ನು ನೋಡಿರಲಿಲ್ಲ.

ಕೇಳಿದವರು ನಂಬಲಿಕ್ಕಿಲ್ಲ, ಆದರೆ ಅದು ಆದದ್ದು ಹೀಗೆ. ಅವಳು ಒಳನಾಡಿನಿಂದ ಮದುವೆಯಾಗಿ ಬಂದವಳು. ಬಂದ ತಿಂಗಳಲ್ಲಿಯೇ ಕೆಲಸ ಸಿಕ್ಕಿತು. ಕಂಪನಿಯವರು ಕೊಟ್ಟ ಪಾಠವನ್ನು ಒಂದೇ ರಾತ್ರಿಯಲ್ಲಿ ಬಾಯಿಪಾಠ ಮಾಡಿ, ಮರುದಿನವೇ ಗಾಜಿಗೆ ಬೆನ್ನು ಹಾಕಿ ನಿಂತಳು. ಕಿಟಕಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಕೋಟೆ ಗೋಡೆಯ ಬುಡ, ಅರಮನೆಯ ಬುಡ, ದೀಪಸ್ತಂಭದ ಬುಡ. ಮೇಲಿನದೆಲ್ಲ ಬಸ್ಸಿನ ಚಾವಣಿಯ ಪಾಲು. ಹಿಂದಿನ ಗಾಜಿನಲ್ಲಿ ದಾಟಿಹೋದ ಅಂಗಡಿಗಳು ಸಣ್ಣಗಾಗುತ್ತ ಹೋಗುತ್ತಿದ್ದವು. ನಿಲ್ದಾಣ ಬಂದಾಗ ಎಲ್ಲರೂ ಇಳಿದರೆ, ಒಳಗೆ ಕರೆದೊಯ್ಯಲು ಅಲ್ಲಿಯ ಗೈಡುಗಳು ಬೇರೆ ಇರುತ್ತಿದ್ದರು. ಇವಳು ಬಸ್ಸಿನಲ್ಲಿ ಕೂತು ಬ್ಯಾಗು ಕಾಯಬೇಕು. ವಾರದ ರಜೆ ಸೋಮವಾರ. ಕೋಟೆಗೂ ಅರಮನೆಗೂ ಸೋಮವಾರವೇ ರಜೆ. ಮೊದಲ ವರ್ಷ ಇವತ್ತು ನೋಡಿದರಾಯಿತು, ನಾಳೆ ನೋಡಿದರಾಯಿತು ಎಂದುಕೊಂಡಳು. ಆಮೇಲೆ, ನೋಡಿಲ್ಲ ಎಂದು ಹೇಳಿಕೊಳ್ಳುವುದಕ್ಕೇ ನಾಚಿಕೆಯಾಯಿತು.

ಹಾಗೆಂದು ಅವಳ ಕೆಲಸದಲ್ಲಿ ಒಂದು ಚೂರೂ ಊನವಿರಲಿಲ್ಲ. ಊರು ಅವಳಿಗೆ ಪ್ರಯಾಣಿಕರ ಮುಖದಲ್ಲಿ ಕಾಣುತ್ತಿತ್ತು. ಎಲ್ಲರ ಗದ್ದ ಒಟ್ಟಿಗೆ ಮೇಲೆದ್ದರೆ ಕೋಟೆ. ಕಣ್ಣು ಕಿರಿದಾಗಿ ಹಣೆಯ ಮೇಲೆ ಕೈ ಬಂದರೆ ಕಡಲು. ಎಲ್ಲರೂ ಕೈಗಡಿಯಾರ ನೋಡಿಕೊಂಡರೆ ಗಡಿಯಾರದ ಗೋಪುರ. ಕೋಟೆಯ ಹೆಬ್ಬಾಗಿಲ ಮುಂದೆ ಬಸ್ಸು ನಿಂತಾಗ ಅವಳದೊಂದು ಸ್ವಂತ ಜೋಕು: "ರಾಜ ಯುದ್ಧಕ್ಕೆ ಹೋಗುವಾಗ ಈ ಬಾಗಿಲಿಂದಲೇ ಯಾಕೆ ಹೋಗುತ್ತಿದ್ದ ಗೊತ್ತೇ? ಇನ್ನೊಂದು ಬಾಗಿಲಲ್ಲಿ ರಾಣಿ ನಿಂತಿರುತ್ತಿದ್ದಳು!" ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಹೀಗಿರುವಾಗ ಅವಳ ಅಕ್ಕ ಫೋನು ಮಾಡಿದಳು.

"ನಾನೂ ನಿಮ್ಮ ಭಾವನೂ ಶುಕ್ರವಾರ ಬರ್ತಿದೀವಿ ಕಣೆ. ಶನಿವಾರ ಊರೆಲ್ಲ ನೀನೇ ತೋರಿಸ್ಬೇಕು."

"ಅದಕ್ಕೇನಕ್ಕಾ, ಬಸ್ಸಲ್ಲಿ ಮುಂದಿನ ಸೀಟು ಇಡಿಸ್ತೀನಿ."

"ಬಸ್ಸಾ? ನನಗೆ ಬಸ್ಸು ಹತ್ತಿದ್ರೆ ಹೊಟ್ಟೆ ತೊಳೆಸುತ್ತೆ ಅಂತ ಮರೆತುಹೋಯ್ತಾ? ನಡ್ಕೊಂಡೇ ಹೋಗೋಣ. ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದೀಯ, ಕಣ್ಣು ಕಟ್ಟಿ ಬಿಟ್ರೂ ಹೋಗ್ತೀಯ ಬಿಡು."

ಆ ಸಂಜೆ ಮೈಕಮ್ಮ ಗಂಡನನ್ನು ಕೇಳಿದಳು: "ರೀ, ಕೋಟೆ ಯಾವ ಕಡೆ ಬರುತ್ತೆ?"

ಗಂಡ ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಆದರೆ ಮನೆ ಬಿಟ್ಟರೆ ಫ್ಯಾಕ್ಟರಿ, ಫ್ಯಾಕ್ಟರಿ ಬಿಟ್ಟರೆ ಮನೆ. "ಕೋಟೇನಾ? ಅಲ್ಲೇ ಎಲ್ಲೋ ಇರ್ಬೇಕು. ಯಾರೂ ಎತ್ಕೊಂಡು ಹೋಗಿರಲ್ಲ" ಎಂದು ಮಗ್ಗುಲು ಬದಲಿಸಿದ.

ಮೈಕಮ್ಮ ಶನಿವಾರ ಕೆಲಸಕ್ಕೆ ರಜೆ ಹಾಕಿದಳು. ಬೆಳಿಗ್ಗೆ ಮೂವರೂ ಹಳೇ ಚೌಕಕ್ಕೆ ಬಂದರು. ಅಕ್ಕ ದಪ್ಪ ಚಪ್ಪಲಿ ಹಾಕಿ, ನೀರಿನ ಬಾಟಲಿ ಹೆಗಲಿಗೇರಿಸಿ ಸಜ್ಜಾಗಿದ್ದಳು. ಭಾವ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಮಿತಭಾಷಿ. ನಡೆಯುವಾಗಲೂ ಆಗಾಗ ಹಿಂದಕ್ಕೆ ತಿರುಗಿ, ಎಲ್ಲ ಸರಿಯಿದೆಯೇ ಎಂದು ನೋಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

ಮೈಕಮ್ಮ ಚೌಕದ ನಡುವೆ ನಿಂತು ಮುಂದೆ ನೋಡಿದಳು. ಎದುರಿಗೆ ಐದು ಬೀದಿಗಳು ಬಾಯಿ ತೆರೆದುಕೊಂಡಿದ್ದವು. ಒಂದೂ ಪರಿಚಯದ್ದಲ್ಲ! ಅವಳು ಬಲ್ಲ ಬೀದಿಗಳೆಲ್ಲ ದೂರ ಸರಿಯುವ ಬೀದಿಗಳು. ಇವೆಲ್ಲ ಮೈಮೇಲೆ ಬರುತ್ತಿದ್ದವು. ಧೈರ್ಯ ತಂದುಕೊಂಡು, ಅಗಲವಾಗಿ ಕಂಡ ಬೀದಿಗೆ ನುಗ್ಗಿದಳು. ತುದಿಯಲ್ಲಿ ದೊಡ್ಡ ದೊಡ್ಡ ಕಂಬಗಳ ಕಟ್ಟಡವೊಂದು ಎದುರಾಯಿತು.

"ಇದೇ ಅರಮನೆ" ಎಂದಳು, ಎದೆ ಗಟ್ಟಿಮಾಡಿಕೊಂಡು. "ಕಡಲ ದೊರೆಗಳು ಇಲ್ಲಿಂದಲೇ ರಾಜ್ಯವಾಳಿದರು. ಮೇಲಿನ ಸಾಲು ಕಿಟಕಿಗಳು ರಾಣಿಯ ಅಂತಃಪುರ."

"ಅಬ್ಬಬ್ಬಾ!" ಎಂದಳು ಅಕ್ಕ. "ಎಷ್ಟು ತಣ್ಣಗಿದೆ ನೋಡ್ರೀ ಗೋಡೆ. ಆಗಿನವರ ಕೈಕೆಲಸ ಅಂದ್ರೆ ಕೈಕೆಲಸ."

ಭಾವ ಕಂಬವನ್ನು ಮುಟ್ಟಿ ನೋಡುತ್ತಿರುವಾಗ ಒಳಗಿನಿಂದ ಖಾಕಿ ತೊಟ್ಟ ಜವಾನನೊಬ್ಬ ಬಂದ.

"ಏನಮ್ಮ, ನಲ್ಲಿ ಕಂಪ್ಲೇಂಟಾ?"

"ನಲ್ಲಿನಾ?"

"ನೀರು ಸರಬರಾಜು ಆಫೀಸು ಕಣಮ್ಮ ಇದು. ಇವತ್ತು ಸಾಹೇಬ್ರಿಲ್ಲ, ಸೋಮವಾರ ಬನ್ನಿ."

ಅಕ್ಕ ಗೋಡೆಯ ಮೇಲಿಂದ ಕೈ ತೆಗೆದಳು. ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನಗೆ ಈ ಊರೇ ಗೊತ್ತಿಲ್ಲ ಅಲ್ವೇನೇ?" ಎಂದಳು.

ಉತ್ತರ ಹೇಳಲು ಮೈಕಮ್ಮ ಬೀದಿಗೆ ಬೆನ್ನು ಮಾಡಿ ಅಕ್ಕನ ಕಡೆ ತಿರುಗಿದಳು. ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಬಲಗಣ್ಣಿನ ಅಂಚಿಗೆ ದರ್ಜಿಯ ಬೋರ್ಡೊಂದು ಬಂದು ದೂರ ಸರಿಯಿತು. ಇನ್ನೆರಡು ಹೆಜ್ಜೆ. ಹಸಿರು ಬಾಗಿಲಿನ ಔಷಧಿ ಅಂಗಡಿ. ಅದರಾಚೆ ಬಟ್ಟೆ ಒಣಹಾಕಿದ ಬಾಲ್ಕನಿ. ಎಲ್ಲವೂ ಅವಳವೇ, ಬಸ್ಸಿನ ಹಿಂದಿನ ಗಾಜಿನಲ್ಲಿ ದಿನವೂ ಬೀಳ್ಕೊಡುತ್ತಿದ್ದವು. ಮೈಯಲ್ಲಿ ಜೀವ ಬಂದಂತಾಯಿತು.

"ಗೊತ್ತಿಲ್ಲ ಅಂತ ಯಾರಕ್ಕ ಹೇಳಿದ್ದು? ಬಾ ನನ್ನ ಹಿಂದೆ" ಎಂದವಳೇ ಹಿಂದು ಹಿಂದಾಗಿ ನಡೆಯತೊಡಗಿದಳು.

"ಹಿಂದೆ ಎಲ್ಲಿ ಬರ್ಲಿ, ನೀನು ನನ್ನ ಎದುರಿಗೇ ಇದೀಯಲ್ಲ! ಬೀಳ್ತೀಯ ಕಣೆ!"

ಮೈಕಮ್ಮ ಬೀಳಲಿಲ್ಲ. ಎಲ್ಲಿ ತಿರುವು, ಎಲ್ಲಿ ಉಬ್ಬು, ಎಲ್ಲಿ ಇಳಿಜಾರು ಎಲ್ಲವೂ ಅವಳ ಕಾಲಿಗೇ ತಿಳಿದಿತ್ತು. ಬಾಯಿಯೂ ಬಿಚ್ಚಿಕೊಂಡಿತು. ದೊರೆಗಳ ವಂಶ, ಹಡಗುಗಳ ಯುದ್ಧ, ಮೆಣಸಿನ ವ್ಯಾಪಾರ ಎಲ್ಲ ಸರಾಗವಾಗಿ ಹರಿಯಿತು. ನಡುನಡುವೆ ಅಕ್ಕನ ಮುಖ ನೋಡಿ ದಾರಿ ಸರಿಯಾಗಿದೆಯೇ ಎಂದು ತಾಳೆ ಹಾಕುತ್ತಿದ್ದಳು. "ಕೈಗಡಿಯಾರ ನೋಡ್ಕೊಂಡ್ಯಾ? ಹಾಗಾದ್ರೆ ಗೋಪುರ ಬಂತು. ಎಡಕ್ಕೆ ತಿರುಗೋಣ, ನಿನ್ನ ಎಡ."

ಭಾವನಿಗೆ ಈ ವ್ಯವಸ್ಥೆ ಹಿಡಿಸಿತು. ಅವರೂ ಸುಮ್ಮನೆ ತಿರುಗಿ ನಾದಿನಿಯ ಪಕ್ಕದಲ್ಲಿ ಹಿಂದು ಹಿಂದಾಗಿ ಹೆಜ್ಜೆ ಹಾಕಿದರು.

"ನಿಮಗೇನ್ರೀ ಬಂತು?" ಎಂದಳು ಅಕ್ಕ.

"ಮೂವತ್ತು ವರ್ಷ ಕೊನೇ ಡಬ್ಬೀಲಿ ನಿಂತು ಊರು ನೋಡಿದವನು ನಾನು. ಊರು ಅಂದ್ರೆ ದೂರ ಹೋಗ್ತಾ ಇರ್ಬೇಕು. ಮೇಲೆ ಬಿದ್ಹಂಗೆ ಬಂದ್ರೆ ನನಗೆ ಸರಿಹೋಗಲ್ಲ" ಎಂದರು ಭಾವ. ಮದುವೆಯಾದ ಮೇಲೆ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅಕ್ಕ ಕೇಳಿರಲಿಲ್ಲ.

ಗೋಪುರದ ನೆರಳಿನಲ್ಲಿ ಗೈಡನ್ನು ಕಳೆದುಕೊಂಡು ತಬ್ಬಿಬ್ಬಾಗಿದ್ದ ಪ್ರವಾಸಿಗರ ಗುಂಪೊಂದು ನಿಂತಿತ್ತು. ಮೈಕಮ್ಮನ ದನಿ ಕಿವಿಗೆ ಬಿದ್ದದ್ದೇ ತಡ, ಎಲ್ಲರೂ ಬಂದು ಸೇರಿಕೊಂಡರು. ಹುಲ್ಲಿನ ಟೋಪಿಯ ಒಬ್ಬಾತ ಭಾವನ ಬಳಿ ಬಂದು ಮೆಲ್ಲಗೆ ಕೇಳಿದ:

"ಸರ್, ಇಲ್ಲಿ ಹೀಗೇ ನಡೀಬೇಕಾ?"

ಭಾವ ಗಂಭೀರವಾಗಿ, "ಹಿಂದೆ ಏನಾಗ್ತಿದೆ ಅಂತ ಗಮನ ಇದ್ರೆ ಒಳ್ಳೇದು" ಎಂದರು.

ಅಷ್ಟು ಸಾಕಾಯಿತು. ಟೋಪಿಯವನು ತಿರುಗಿದ. ಅವನ ಹೆಂಡತಿ ತಿರುಗಿದಳು. ನೋಡನೋಡುತ್ತ ಇಡೀ ಗುಂಪು ಬೆನ್ನು ಮುಂದೆ ಮಾಡಿಕೊಂಡು ಸಾಗಿತು. ಎಲ್ಲರ ಮುಖಕ್ಕೆ ಮುಖ ಕೊಟ್ಟು ನೆಟ್ಟಗೆ ನಡೆಯುತ್ತಿದ್ದವಳು ಅಕ್ಕ ಒಬ್ಬಳೇ. ಎದುರು ಬರುವ ಸೈಕಲ್ಲು, ತಳ್ಳುಗಾಡಿ ನೋಡಿ ಕೂಗಿ ಎಚ್ಚರಿಸುವ ಕೆಲಸ ಅವಳ ಪಾಲಿಗೆ ಬಂತು. "ಗಾಡಿ! ಗಾಡಿ! ಸ್ವಲ್ಪ ಪಕ್ಕಕ್ಕೆ! ಟೋಪಿಯವರೇ, ನಿಮಗೇ ಹೇಳ್ತಿರೋದು!"

ಕೋಟೆಗೆ ಹೋಗುವ ದೊಡ್ಡ ರಸ್ತೆ ದಾಟುವಲ್ಲಿ ಟ್ರಾಫಿಕ್ ಪೊಲೀಸಿನವನು ನಿಂತಿದ್ದ. ತನ್ನ ಕಡೆಗೆ ಬೆನ್ನುಗಳ ಮೆರವಣಿಗೆಯೊಂದು ಬರುತ್ತಿರುವುದನ್ನು ಕಂಡು ಅವನಿಗೆ ದಿಕ್ಕು ತೋಚಲಿಲ್ಲ. ಈ ಜನ ಬರುತ್ತಿದ್ದಾರೋ ಹೋಗುತ್ತಿದ್ದಾರೋ? ಸೀಟಿ ಊದಿ, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದ: "ಹಿಂದಕ್ಕೆ! ಎಲ್ಲರೂ ಹಿಂದಕ್ಕೆ ಸರೀರಿ!"

ಜನ ಕಾನೂನಿಗೆ ಮರ್ಯಾದೆ ಕೊಡುವವರು. ಇನ್ನಷ್ಟು ಬಿರುಸಾಗಿ ಹಿಂದಕ್ಕೆ ಸರಿದರು. ಸರಿದು ಸರಿದು ರಸ್ತೆಯ ನಡುವಿಗೆ ಬಂದರು.

"ರೀ! ಹಿಂದಕ್ಕೆ ಅಂದ್ನಲ್ಲ!"

"ಹೋಗ್ತಾ ಇದೀವಲ್ಲ ಸ್ವಾಮಿ, ಎಷ್ಟು ಅವಸರ ಮಾಡ್ತೀರಿ!" ಎಂದು ಟೋಪಿಯವನ ಹೆಂಡತಿ ರೇಗಿದಳು. ಎರಡೂ ಕಡೆ ವಾಹನಗಳು ನಿಂತವು. ಪೊಲೀಸಿನವನು ಕೈ ಚಾಚಿದ್ದು ಚಾಚಿದಂತೆಯೇ ನಿಂತಿದ್ದ. ಗುಂಪು ಅವನ ಅಕ್ಕಪಕ್ಕದಿಂದ ಹಾದು, ಅವನ ಮುಖ ಕಂಡೊಡನೆ ಒಬ್ಬೊಬ್ಬರಾಗಿ ಥ್ಯಾಂಕ್ಸ್ ಹೇಳಿ, ಆಚೆ ದಂಡೆ ಸೇರಿತು.

ಸ್ವಲ್ಪ ಹೊತ್ತಿಗೆ ಅಕ್ಕನ ಗದ್ದ ಮೇಲೆದ್ದಿತು. ಮೈಕಮ್ಮ ನಿಂತಳು. "ಇದೇ ಕೋಟೆಯ ಹೆಬ್ಬಾಗಿಲು" ಎಂದು ರಾಜ ರಾಣಿಯ ಜೋಕು ಹೇಳಿದಳು. ಜನರಲ್ಲಿ ಯಾರೂ ನಗಲಿಲ್ಲ. ಬೆನ್ನು ಹಾಕಿ ನಿಂತವರು ಅವರೂ ಅಲ್ಲವೇ! ಅಕ್ಕ ಮಾತ್ರ ಬಾಗಿಲಿನ ಮೇಲ್ಗಡೆ ನೋಡುತ್ತ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಗುತ್ತಿದ್ದಳು.

"ನೋಡಿದ್ಯಾ, ನಿನಗೆ ಅರ್ಥವಾಯ್ತು" ಎಂದಳು ಮೈಕಮ್ಮ.

"ಜೋಕಿಗಲ್ಲ ಕಣೆ. ಆ ಸಿಂಹ! ತಿರುಗಿ ನೋಡೇ ಒಂದ್ಸಲ!"

ಇಷ್ಟು ವರ್ಷ ತಿರುಗದವಳು ಈಗ ತಿರುಗುವುದೆಂದರೆ ಸುಲಭವೇ? ಅಕ್ಕ ಎರಡೂ ಹೆಗಲು ಹಿಡಿದು, ಕುರ್ಚಿ ತಿರುಗಿಸಿದಂತೆ ತಿರುಗಿಸಿಬಿಟ್ಟಳು.

ಕಪ್ಪು ಕಲ್ಲಿನ ಕೋಟೆ. ಬಿರುಕುಗಳಲ್ಲಿ ಹುಲ್ಲು, ಬುರುಜಿನ ತುಂಬ ಪಾರಿವಾಳ. ಬಾಗಿಲಿನ ನೆತ್ತಿಯಲ್ಲಿ, "ದಿಕ್ಕು ದಿಕ್ಕಿಗೂ ಗರ್ಜಿಸುವ ವೀರ ಸಿಂಹ" ಎಂದು ಅವಳು ದಿನವೂ ಎದೆಯುಬ್ಬಿಸಿ ವರ್ಣಿಸುತ್ತಿದ್ದ ಪ್ರಾಣಿ. ಕಡಲ ಗಾಳಿಗೆ ಮೂಗು ಸವೆದು, ಕಿವಿ ಜೋತು, ಊಟವಾದ ಮೇಲೆ ಆಕಳಿಸುವ ಕಚೇರಿ ಗುಮಾಸ್ತನಂತೆ ಅದು ಬಾಯಿ ತೆರೆದು ಕೂತಿತ್ತು.

ಮೈಕಮ್ಮ ಅದನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾ, ಹಾಗಾದ್ರೆ ಬಸ್ಸಲ್ಲಿ ಅವರೆಲ್ಲ ನಗ್ತಿದ್ದದ್ದು ಇದಕ್ಕಾ?"

"ಮತ್ತೆ? ಆ ಜೋಕಿಗೆ ಯಾರು ನಗ್ತಾರೆ? ಹಿಂದೊಂದ್ಸಲ ನೀನು ಅದನ್ನ ಫೋನಲ್ಲಿ ಹೇಳಿದಾಗ ನಿನಗೆ ಬೇಜಾರಾಗ್ಬಾರ್ದು ಅಂತ ನಕ್ಕಿದ್ದೆ ನಾನು."

ಮೈಕಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗುಂಪಿನವರೂ ಏನೆಂದು ತಿರುಗಿ, ಸಿಂಹವನ್ನು ನೋಡಿ, ಕೋಟೆಯ ಪಾರಿವಾಳಗಳೆಲ್ಲ ಹಾರುವಂತೆ ನಕ್ಕರು. ಅಕ್ಕ ಭಾವ ಒಳಗೆ ಹೋಗಿ ಬುರುಜು ಹತ್ತಿ ಇಳಿದು ಬರುವವರೆಗೂ ಮೈಕಮ್ಮ ಆ ಮೆಟ್ಟಿಲು ಬಿಟ್ಟು ಏಳಲಿಲ್ಲ. ಕಲ್ಲು ಕಲ್ಲನ್ನೂ ನೋಡಿದಳು.

ಸಂಜೆ ಕಡಲ ಕಟ್ಟೆಯ ಮೇಲೆ ಕೂತಾಗ ಅಕ್ಕ ಕಾಲು ನೀವಿಕೊಳ್ಳುತ್ತ, "ಊರು ನೋಡೋಕೆ ಬಂದು ದಿನವೆಲ್ಲ ನಿನ್ನ ಮುಖ ನೋಡಿದ್ದೇ ಆಯ್ತು" ಎಂದಳು. "ಮದುವೆ ಆದ್ಮೇಲೆ ಇಷ್ಟು ಹೊತ್ತು ನಿನ್ನ ನೋಡಿರ್ಲಿಲ್ಲ."

"ಹೇಗಿದೀನಿ?"

"ಥೇಟ್ ಅಮ್ಮನೇ. ಬಾಯಿ ಮಾತ್ರ ಅಮ್ಮನಿಗಿಂತ ಜೋರು."

ಅಲ್ಲಿಗೆ ಈ ಸಂಗತಿ ಮುಗಿಯಬೇಕಿತ್ತು. ಆದರೆ ಟೋಪಿಯವನು ತನ್ನೂರಿಗೆ ಹೋಗಿ ಎಲ್ಲರಿಗೂ ಹೇಳಿದ್ದ. ತಿಂಗಳಾಗುವಷ್ಟರಲ್ಲಿ ಪ್ರವಾಸಿ ಕಚೇರಿಗೆ ಬಂದವರೆಲ್ಲ, "ಆ ಹಿಂದು ಹಿಂದಾಗಿ ನಡೆಯೋದು ಎಲ್ಲಿ?" ಎಂದು ಕೇಳತೊಡಗಿದರು. ತಮ್ಮ ಊರಿನದು ತಮಗೇ ಗೊತ್ತಿಲ್ಲ ಎನ್ನಲು ಅಧಿಕಾರಿಗಳಿಗೆ ಮುಜುಗರ. ದೊರೆಗೆ ಬೆನ್ನು ತೋರಿಸಬಾರದೆಂದು ಹಿಂದಿನ ಪ್ರಜೆಗಳು ಹಾಗೆ ನಡೆಯುತ್ತಿದ್ದರು ಎಂದು ಒಬ್ಬರು ಹೇಳಿದರು. ಹೌದು, ನಮ್ಮಜ್ಜನೂ ಹೇಳುತ್ತಿದ್ದರು ಎಂದು ಇನ್ನೊಬ್ಬರು ತಲೆಯಾಡಿಸಿದರು. ಅದನ್ನು ಮತ್ತೆ ಶುರುಮಾಡಲು ತಕ್ಕವರು ಬೇಕೆಂದು ಹುಡುಕಿ, ಬಸ್ಸಿನಿಂದ ಮೈಕಮ್ಮನನ್ನು ಕರೆಸಿಕೊಂಡರು. ಗುಂಪು ದೊಡ್ಡದಿದ್ದಾಗ ಭಾವ ರೈಲು ಹತ್ತಿ ಬಂದು ಹಸಿರು ಬಾವುಟ ಹಿಡಿದು ನಿಲ್ಲುತ್ತಾರೆ. ಅಕ್ಕ ಮೊದಮೊದಲು ಮೂಗು ಮುರಿದಳು. ಈಗ ಅವಳೂ ಜೊತೆಗೇ ಬರುತ್ತಾಳೆ, ಅವಳ ಕೂಗಿಲ್ಲದೆ ಆ ದೊಡ್ಡ ಮೆರವಣಿಗೆ ಒಂದು ಹೆಜ್ಜೆಯೂ ಅಲುಗುವುದಿಲ್ಲ.

ಹೊಸ ಕೆಲಸದಲ್ಲಿ ಮೈಕಮ್ಮನಿಗೆ ಬುಧವಾರ ರಜೆ. ಬುಧವಾರ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಮೊದಲ ಬುಧವಾರವೇ ಗಂಡನಿಗೂ ರಜೆ ಹಾಕಿಸಿ ಅರಮನೆಗೆ ಹೋದಳು. ಒಳಗಿನ ಗೈಡು ದರ್ಬಾರು ಹಾಲಿನಲ್ಲಿ ಜನರ ಕಡೆ ಮುಖ ಮಾಡಿ ವಿವರಿಸುತ್ತಿದ್ದ. ಮೈಕಮ್ಮ ಅದು ಹೇಗೋ ಗುಂಪಿನಿಂದ ಜಾರಿ, ಅವನ ಪಕ್ಕಕ್ಕೇ ಹೋಗಿ, ಸಿಂಹಾಸನಕ್ಕೆ ಬೆನ್ನು ಹಾಕಿ ನಿಂತುಬಿಟ್ಟಿದ್ದಳು. ಗೈಡು ಬೆಪ್ಪಾಗಿ ನೋಡಿದ. ಗಂಡ ಗುಂಪಿನ ನಡುವಿನಿಂದ ಕೈ ಮಾಡಿ, "ಈ ಕಡೆ ಬಾರೇ, ಸಿಂಹಾಸನ ಇಲ್ಲಿಂದ ಕಾಣುತ್ತೆ" ಎಂದು ಕರೆದ.

"ಇರಿ, ಬರ್ತೀನಿ" ಎಂದಳು ಅವಳು. "ನೀವು ನೋಡ್ತಿರೋದನ್ನ ಸ್ವಲ್ಪ ನೋಡ್ತೀನಿ."