ಬಣ್ಣವಿಲ್ಲದ ನೇಲ್ ಪಾಲಿಶ್

ಕಮಲಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ಮನೆ ಕಲಬುರಗಿಯಲ್ಲಿ. ಬೆಳಕಿನ ಪಾಠಕ್ಕೆ ಒಂದು ಪ್ರಯೋಗ ತೋರಿಸುವ ಆಸೆಯಾಯಿತು. ಬೇಕಾದದ್ದು ನೀರು, ಕಪ್ಪು ಕಾಗದ ಮತ್ತು ಬಣ್ಣವಿಲ್ಲದ ನೇಲ್ ಪಾಲಿಶ್. ಪಾಲಿಶ್ ತರಲು ಸ್ಟೇಶನ್ ಬಜಾರದ ಬಳೆ ಅಂಗಡಿಗೆ ಹೋದೆ.

“ಯಾವ ಕಲರ್ ಬೇಕ್ರೀ ಸರ?” ಅಂಗಡಿಯಾಕೆ ಕೇಳಿದಳು.

“ಕಲರ್ ಇಲ್ಲದ್ದು.”

“ಅದು ಹಚ್ಚಿದ್ರ ಹಚ್ಚಿದಂಗೇ ಕಾಣಂಗಿಲ್ಲರೀ. ಮನ್ಯಾಗಿನವರು ಬೈತಾರ. ಕೆಂಪು ಒಯ್ರಿ.”

“ಮನ್ಯಾಗಿನವರಿಗಲ್ರೀ, ನನಗ ಬೇಕಾಗ್ಯಾದ.”

ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸರೆಲ್ಲ ನನ್ನ ಉಗುರು ನೋಡಿದರು. ಸಾಹೇಬರಿಗೆ ಬಣ್ಣವಿಲ್ಲದ ಪಾಲಿಶ್ ಬೇಕಂತೆ ಎಂದು ಅಂಗಡಿಯಾಕೆ ಒಳಗೆ ಕೂತಿದ್ದ ತಾಯಿಗೆ ದಖನಿಯಲ್ಲಿ ಕೂಗಿದಳು: “ಅಮ್ಮೀ, ಸಾಬ್‌ಕು ಬೇರಂಗ್ ಪಾಲಿಶ್ ಹೋನಾ ಕತೆ!” ಒಳಗಿನಿಂದ ನಗು ಕೇಳಿಸಿತು. ಸೀಸೆ ಕಿಸೆಗಿಳಿಸಿ ಓಡಿದೆ.

ಮರುದಿನ ಶಾಲೆಯ ಅಡುಗೆಮನೆಯಿಂದ ಅಗಲವಾದ ಪರಾತ ತಂದು ನೀರು ತುಂಬಿಸಿ, ತಳದಲ್ಲಿ ಕಪ್ಪು ಕಾಗದ ಮುಳುಗಿಸಿಟ್ಟೆ. ಒಂದು ಹನಿ ಪಾಲಿಶ್ ಬಿಟ್ಟೆ. ಅದು ನೀರಿನ ಮೇಲೆ ಹರಡುವಷ್ಟರಲ್ಲಿ ಫ್ಯಾನಿನ ಗಾಳಿಗೆ ಮುದುಡಿಕೊಂಡಿತು.

“ಸರ, ಹಾಲಿನ ಕೆನಿ ಆತ್ರೀ,” ಎಂದಳು ಮುಂದಿನ ಬೆಂಚಿನ ಹುಡುಗಿ.

ಫ್ಯಾನ್ ಆರಿಸಿ ಇನ್ನೊಂದು ಹನಿ ಬಿಟ್ಟೆ. ನೀರಿನಡಿಯಿಂದ ಕಪ್ಪು ಕಾಗದವನ್ನು ಮೆಲ್ಲಗೆ ಎತ್ತಿದಾಗ ಹಸಿರು, ನೇರಳೆ, ಹೊನ್ನು ಮಿಂಚಿದವು. ಓರೆ ಮಾಡಿದರೆ ಹಸಿರಿದ್ದಲ್ಲಿ ನೀಲಿ.

“ಪಾಲಿಶಿಗೆ ಕಲರೇ ಇಲ್ಲ, ಇದೆಲ್ಲಿಂದ ಬಂತ್ರೀ?” ಅದೇ ಹುಡುಗಿ ಕೇಳಿದಳು.

“ಇದು ಭಾಳ ತೆಳ್ಳನ ಪದರ. ಬೆಳಕು ಮೇಲಿನ ಮೈಗೂ ಬಡಿದು ಬರ್ತದ, ಕೆಳಗಿನ ಮೈಗೂ ಬಡಿದು ಬರ್ತದ. ಎರಡೂ ಕೂಡಿದಾಗ ಕೆಲವು ಬಣ್ಣ ಜೋರಾಗ್ತಾವ, ಕೆಲವು ಅಳಿಸಿ ಹೋಗ್ತಾವ.”

ಅಷ್ಟರಲ್ಲಿ ವಾಸನೆ ಹಿಡಿದು ಹೆಡ್‌ಮಾಸ್ತರರು ಬಂದರು. ಕಣ್ಣಿನ ಪೊರೆಯ ಆಪರೇಶನ್ ಆಗಿದ್ದರಿಂದ ಅವರಿಗೆ ಕಪ್ಪು ಕನ್ನಡಕ. “ಏನ್ ಸುಡಾಕತ್ತೀರಿ?” ಎನ್ನುತ್ತಾ ಪರಾತಕ್ಕೆ ಬಗ್ಗಿದರು, ಕನ್ನಡಕ ಜಾರಿ ನೀರಿಗೆ ಬಿತ್ತು. ನಾನು ಗಾಬರಿಯಿಂದ ತೆಗೆದೆ. ನೀರಿನ ಮೇಲೆ ಉಳಿದಿದ್ದ ಪದರ ಎರಡೂ ಗಾಜಿಗೆ ಅಂಟಿತ್ತು. ಒಂದು ನೇರಳೆ, ಒಂದು ಹೊನ್ನು. ಹುಡುಗರು ನಗು ತಡೆಯಲು ಬಾಯಿ ಮುಚ್ಚಿಕೊಂಡರು.

“ತಪ್ಪಾತ್ರೀ ಸರ, ಒರೆಸಿ ಕೊಡ್ತೀನಿ.”

ಅವರು ಕಸಿದುಕೊಂಡು ಹಾಕಿಕೊಂಡರು. ಮೊಬೈಲಿನಲ್ಲಿ ಮುಖ ನೋಡಿದರು, ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. “ಕೈ ಹಚ್ಚಬ್ಯಾಡ್ರಿ,” ಎಂದರು ಗಂಭೀರವಾಗಿ.

ಸಂಜೆ ಅದೇ ಕನ್ನಡಕದಲ್ಲಿ ನನ್ನ ಜೊತೆ ಕಲಬುರಗಿ ಬಸ್ಸು ಹತ್ತಿದರು. ಕಂಡಕ್ಟರ್ ಎಂದೂ ಅನ್ನದವನು ಅಂದು ಅವರಿಗೆ “ಹೀರೋ, ಒಳಗ ಸರೀರಿ” ಎಂದ. ಊರು ಮುಟ್ಟುವವರೆಗೂ ಹೆಡ್‌ಮಾಸ್ತರರು ಸೀಟು ಖಾಲಿಯಿದ್ದರೂ ಎಲ್ಲರಿಗೂ ಕಾಣುವಂತೆ ನಿಂತೇ ಇದ್ದರು.