ಚಳಿ ಬಾರದ ವರ್ಷದ ಅವರೆ ಬಳ್ಳಿ

ಅವರೆ ಬಳ್ಳಿಯೊಳಗೆ ಕೈಹಾಕಿ ಹೊರತೆಗೆದರೆ ಮೊಣಕೈವರೆಗೂ ಕಪ್ಪು. ಆ ಕಪ್ಪು ನಡೆದಾಡುತ್ತಿತ್ತು. ಸಸ್ಯಹೇನು! ಅವು ಕಾರಿದ ಅಂಟು ರಸ, ಆ ರಸಕ್ಕೆ ಮುತ್ತಿದ ಇರುವೆ, ಎಲ್ಲವೂ ನನ್ನ ಕೈಮೇಲೆ. ಮೂರು ಸಲ ಸೋಪು ಹಾಕಿ ತೊಳೆದರೂ ಅವತ್ತು ಆ ಕೈಯಿಂದ ಅನ್ನ ಕಲಸಲು ಮನಸ್ಸು ಬರಲಿಲ್ಲ.

ಮಂಡ್ಯ ಬಿಟ್ಟು ಟೀಚರಾಗಿ ಜೇವರ್ಗಿಗೆ ಬಂದು ನನಗಿದು ಮೂರನೇ ವರ್ಷ. ಜೋಳದ ರೊಟ್ಟಿಯನ್ನು ಅಂಚು ಹರಿಯದಂತೆ ಬಡಿಯಲು ಕಲಿತಿದ್ದೇನೆ. ಬಿಸಿಲನ್ನೂ ಬೈಯುವುದು ಬಿಟ್ಟಿದ್ದೇನೆ. ಆದರೆ ಚಳಿಗಾಲವೇ ಕೈಕೊಡುತ್ತದೆಂದು ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಇಬ್ಬನಿ ಬಿದ್ದರೆ ಅವರೆಗೆ ಸೊಗಡು ಬರುತ್ತದೆ. ಇಲ್ಲಿಯೂ ಹೋದೆರಡು ವರ್ಷ ಎರಡು ಕಂಬಳಿ ಹೊದ್ದು ಮಲಗಿದ್ದೆ. ಈ ಸಲ ಡಿಸೆಂಬರಿನಲ್ಲಿ ಫ್ಯಾನು! ಹಿತ್ತಲಿನ ಮೆಂತ್ಯ ಗೇಣುದ್ದವೂ ಆಗದೆ ಹೂ ಬಿಟ್ಟಿತು. ಕೊತ್ತಂಬರಿ ಬೀಜಕ್ಕೆ ತಿರುಗಿತು. ಬದನೆ ಕೊಯ್ದರೆ ಒಳಗೆ ಹುಳ, ಹುಳದ ಹಿಂದೆ ಅದರ ಹೇಲು.

ಉಳಿದಿದ್ದು ಅವರೆಯೊಂದೇ. ಅದು ನನಗೆ ಬೇಕೇ ಬೇಕಿತ್ತು.

ಎಳ್ಳಮಾವಾಸ್ಯೆಗೆ ಇಲ್ಲಿ ಭಜ್ಜಿ ಮಾಡುತ್ತಾರೆ. ನಮ್ಮೂರಲ್ಲಿ ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ. ಆ ಕಾಲಕ್ಕೆ ಸಿಗುವ ಕಾಳು, ಸೊಪ್ಪು, ತರಕಾರಿಯನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿದ ಗಟ್ಟಿ ಪಲ್ಯ. ಅದನ್ನು ಹೊಲಕ್ಕೊಯ್ದು, ಮೊದಲು ಬೆಳೆಯ ನಡುವೆ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ಅದೇ ಚರಗ. ಆಮೇಲೆ ಎಲ್ಲರೂ ಕೂತು ಉಣ್ಣುತ್ತಾರೆ. ಹೋದೆರಡು ಸಲ ನಾನು ಬರೀ ಉಂಡು ಬಂದವಳು. ಈ ಸಲ ಮನೆ ಒಡತಿ ಶರಣಮ್ಮನವರೇ ಅಂದಿದ್ದರು: "ಟೀಚರ್ರ, ಈ ಸಲ ಭಜ್ಜಿಗಿ ಅವರಿ ನಿಮ್ಮ ಹಿತ್ತಲದ್ದೇ ಆಗ್ಲಿ." ಆ ಮಾತಿಗೆ ನಾನೆಷ್ಟು ಹಿಗ್ಗಿದ್ದೆನೆಂದರೆ, ಅಮ್ಮನಿಗೆ ಆಗಲೇ ಫೋನು ಮಾಡಿದ್ದೆ.

ಹೇನು ಬಿದ್ದದ್ದನ್ನು ತೋರಿಸಿದಾಗ ಶರಣಮ್ಮ, "ಥಂಡಿನೇ ಬೀಳಲಿಲ್ಲ, ಎಲ್ಲಿ ಸಾಯ್ತಾವ? ದಿನಾ ಮುಂಜಾನಿ ಬೂದಿ ಉಗ್ಗ್ರಿ" ಎಂದು ತಮ್ಮ ಒಲೆಯ ಬೂದಿಯನ್ನೇ ಡಬ್ಬಿಯಲ್ಲಿ ಕೊಟ್ಟರು. ಎರಡು ದಿನ ಬಳ್ಳಿಗೆ ಎರಚಿದೆ. ಬೂದಿಯೂ ಅಂಟೂ ಸೇರಿ ಬಳ್ಳಿ ಇನ್ನಷ್ಟು ಅಸಹ್ಯವಾಯಿತು. ಮೂರನೇ ದಿನ ತಡೆಯಲಾರದೆ ಅಂಗಡಿಯಿಂದ 'ಎಣ್ಣಿ' ತಂದೆ. ಇಲ್ಲಿ ಕೀಟನಾಶಕಕ್ಕೆ ಹಾಗೆನ್ನುತ್ತಾರೆ. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಇಡೀ ಬಳ್ಳಿ ತೋಯುವಂತೆ ಹೊಡೆದೆ. ಹೇನುಗಳು ಪಟಪಟ ಉದುರಿದಾಗ ನನಗಾದ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹಬ್ಬದ ಹಿಂದಿನ ದಿನ ಶರಣಮ್ಮ ಬುಟ್ಟಿ ಹಿಡಿದು ಬಂದರು. "ನೋಡಿ, ಒಂದು ಹುಳ ಇಲ್ಲ!" ಎಂದು ನಾನೇ ಜಂಬದಿಂದ ಬಳ್ಳಿ ಎತ್ತಿ ತೋರಿಸಿದೆ. ಅವರು ಬಗ್ಗಿ ಕೆಳಗೆ ಸತ್ತು ಬಿದ್ದ ಇರುವೆಗಳನ್ನು ನೋಡಿದರು. ಒಂದು ಕಾಯಿ ಕಿತ್ತು ಮೂಸಿ ಎಸೆದರು.

"ಎಣ್ಣಿ ಹೊಡದೀರೇನ್ರಿ?"

"ನಾಲ್ಕು ದಿನ ಆಯ್ತು. ತೊಳೆದರೆ ಹೋಗಲ್ವಾ?"

"ಥೂ! ಭೂಮ್ತಾಯಿ ಬಾಯಾಗ ವಿಷ ಹಾಕ್ತೀರೇನು?"

ನನಗೂ ರೇಗಿತು. "ನಿಮ್ಮ ಮಗ ತೊಗರಿಗೆ ಹೊಡೆಯೋದಿಲ್ವಾ? ಅದೂ ಅದೇ ಭೂಮಿಯಲ್ಲವಾ?"

"ಅದು ಮಾರಾಕ್ರಿ," ಎಂದರು ಶರಣಮ್ಮ, ಸ್ವಲ್ಪವೂ ತಡವರಿಸದೆ.

ಆ ಉತ್ತರ ನನಗೆ ಹೇನಿಗಿಂತ ಹೆಚ್ಚು ಹೇಸಿಗೆ ತಂದಿತು. ಮಾರಿದ ತೊಗರಿಯನ್ನು ಉಣ್ಣುವವರು ನಮ್ಮಂಥವರೇ ತಾನೆ? ಕೇಳಬೇಕೆಂದು ಬಾಯಿ ತೆರೆದೆ. ಆದರೆ ಮನೆಯ ಪಾತ್ರೆಗೆ ಬೀಳುವ ಕಾಯಿಗೇ ಹೊಡೆದವಳು ನಾನು. ಯಾವ ಬಾಯಿಂದ ಕೇಳಲಿ? ಬಳ್ಳಿಯನ್ನು ಬುಡಸಮೇತ ಕಿತ್ತು ಗುಂಡಿಗೆ ಹಾಕಿದೆ. ದನಕ್ಕೂ ಹಾಕುವಂತಿರಲಿಲ್ಲ.

ಮರುದಿನ ಕೊಳಕೂರಿನಲ್ಲಿದ್ದ ತಮ್ಮ ಹೊಲಕ್ಕೆ ಶರಣಮ್ಮ ನನ್ನನ್ನು ಬಿಟ್ಟು ಹೋಗಲಿಲ್ಲ, ನಿಜ. ಭಜ್ಜಿಗೆ ಬೇಕಾದ ಅವರೆಕಾಯಿ ಅವರ ತಂಗಿಯ ಮನೆಯಿಂದ ಬಂದಿತ್ತು. ಚರಗ ಚೆಲ್ಲುವವರ ಹಿಂದೆ ಒಬ್ಬರು ನೀರು ಚಿಮುಕಿಸುತ್ತ ನಡೆಯಬೇಕು. ಶರಣಮ್ಮ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ನೀವು ನೀರ್ ಹಿಡೀರಿ. ಅದಕ್ಕಿನ್ನೂ ಎಣ್ಣಿ ಹೊಡದಿಲ್ಲ" ಎಂದರು. ನೆಂಟರೆಲ್ಲ ನಕ್ಕರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆ. ಅಮ್ಮ ಅವರೆಕಾಳು ಸಾರು ಬಡಿಸಿದಳು. ಘಮ್ಮೆನ್ನುತ್ತಿತ್ತು. ತುತ್ತು ಕಲಸಿದವಳು, "ಔಷಧಿ ಹೊಡೆದು ಎಷ್ಟು ದಿನ ಆಯ್ತು?" ಎಂದು ಕೇಳಿಬಿಟ್ಟೆ.

"ಹೋದ ವಾರ ಹೊಡ್ದಿದ್ದು. ತೊಳುದ್ರೆ ಹೋಯ್ತದೆ. ಚಿಕ್ಕೋಳಿಂದ ಇದ್ನೇ ಉಂಡು ಬೆಳ್ದಿಲ್ವಾ?" ಎಂದಳು. ನನ್ನ ಕೈ ಮೇಲೇಳದ್ದನ್ನು ಕಂಡು ಸೌಟು ಹಿಡಿದೇ ನಿಂತಳು. "ಎಲ್ಲಿಂದ ಬಂದ್ಯೆ ನೀನು?"

ಜೇವರ್ಗಿಯ ಭಜ್ಜಿಯಲ್ಲಿ ನನ್ನದೇನೂ ಇರಲಿಲ್ಲ, ಇಲ್ಲಿ ಅಮ್ಮನ ಸಾರಿನಲ್ಲಿ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ.