ಶುಭಾಶಯಗಳ ಪೆಟ್ಟಿಗೆ

ಕೊಡಿಯಾಲ್‌ಬೈಲಿನ ನಮ್ಮ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ. ವಾಟ್ಸಾಪ್ ಗುಂಪಿನಲ್ಲಿ ಪಾರ್ಕಿಂಗ್ ವಿಷಯಕ್ಕೆ ಎರಡು ಮನೆಯವರು ಮಾತು ಬಿಟ್ಟ ಮೇಲೆ, ಇನ್ನು ಎಂತ ಹೇಳಲಿಕ್ಕಿದ್ದರೂ ಸಂಘದ ವಿಳಾಸಕ್ಕೆ ಮೈಲ್ ಮಾಡಬೇಕು ಎಂದು ಸಮಿತಿ ತೀರ್ಮಾನಿಸಿತು. ಕಾನ್ವೆಂಟಿನಲ್ಲಿ ಕಲಿತವಳು, ಬರವಣಿಗೆ ಚಂದ ಉಂಟು, ಹಗಲು ಮನೆಯಲ್ಲೇ ಇರ್ತಾಳೆ ಎಂದು ಕಾರ್ಯದರ್ಶಿ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಕೊನೆಯದೇ ನಿಜವಾದ ಕಾರಣ ಅಂತ ನನಗೆ ಗೊತ್ತಿತ್ತು.

ಸಂಘಕ್ಕೆ ಮೈಲ್ ಸರ್ವರ್ ಮಾಡಿಕೊಟ್ಟವರು ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಮೇಷ್ಟ್ರು. ಕೊಟ್ಟಾರಕ್ಕೆ ಮನೆ ಬದಲಾಯಿಸುವಾಗ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ಪಕ್ಕದ ಮನೆಯ ಬೀಗದ ಕೈ ಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟು ಹೋದರು.

ಒಂದೇ ತಿಂಗಳಲ್ಲಿ ನನಗೆ ಸಾಕಾಯಿತು. ನೀರು, ಲಿಫ್ಟು, ಅರ್ಜಿ ಎಲ್ಲ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಅವುಗಳ ಮೇಲೆ ಗುಲಾಬಿ ಹೂವಿನ ಗುಡ್ ಮಾರ್ನಿಂಗು, ಹಬ್ಬದ ಶುಭಾಶಯ. ವಾಟ್ಸಾಪಿನಲ್ಲಿ ಹಾಕುತ್ತಿದ್ದುದನ್ನೆಲ್ಲ ಜನ ಹಾಗೆಯೇ ಮೈಲಿಗೆ ಸಾಗಿಸಿದ್ದರು. ಮೇಷ್ಟ್ರಿಗೆ ಫೋನ್ ಮಾಡಿದೆ.

"ಸರ್ವರಿನಲ್ಲೇ ನಿಯಮ ಬರೆದಿಡಿ ಮೇಡಂ. ಬರುವಾಗಲೇ ಬೇರೆ ಬೇರೆ ಪೆಟ್ಟಿಗೆಗೆ ಹಂಚಿ ಹಾಕ್ತದೆ. ಮಕ್ಕಳಾಟ."

ಆ ಮಕ್ಕಳಾಟಕ್ಕೆ ನನಗೆ ಹನ್ನೊಂದು ದಿನ ಬೇಕಾಯಿತು. ವಿಷಯದ ಸಾಲಿನಲ್ಲಿ 'ಲಿಫ್ಟ್' ಅಂತ ಇದ್ದರೆ ಲಿಫ್ಟಿನ ಪೆಟ್ಟಿಗೆಗೆ ಹಾಕು, ಅಲ್ಲಿಗೆ ನಿಲ್ಲಿಸು. 'ಅರ್ಜಿ' ಅಂತ ಇದ್ದರೆ ಅರ್ಜಿಯ ಪೆಟ್ಟಿಗೆಗೆ. ಓದಲಿಕ್ಕೆ ಇಷ್ಟೇ. ಬರೆದು ಉಳಿಸಿದರೆ ಹದಿನಾಲ್ಕನೇ ಸಾಲಿನಲ್ಲಿ ತಪ್ಪು ಅಂತ ಸರ್ವರ್ ಇಡೀ ಕಡತವನ್ನೇ ಬಿಸಾಡಿತು. ಹದಿನಾಲ್ಕನೇ ಸಾಲನ್ನು ಎರಡು ಮಧ್ಯಾಹ್ನ ಓದಿದೆ. ತಪ್ಪು ಇದ್ದದ್ದು ಹದಿಮೂರನೇ ಸಾಲಿನ ತುದಿಯಲ್ಲಿ, ಸೆಮಿಕೋಲನ್ ಎಂಬ ಒಂದು ಚುಕ್ಕೆ-ಬಾಲ ಬಿಟ್ಟುಹೋಗಿತ್ತು. ಹಾಗಾದರೆ ಹದಿಮೂರು ಅಂತ ಹೇಳಬಾರದಾ? ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಅಕ್ಕಿ ಆರಿಸಲಿಕ್ಕೆ ಪುರುಸೊತ್ತಿಲ್ಲ, ಕಾಗದ ಆರಿಸಲಿಕ್ಕೆ ಉಂಟು," ಅಂದರು. ಆ ದಿನದ ಗಂಜಿಯಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತ್ತು.

ಕೊನೆಗೆ ನಿಯಮ ಓಡಿತು. ಅದು ಮೇಲಿನಿಂದ ಕೆಳಗೆ ಓದಿಕೊಂಡು ಹೋಗುತ್ತದೆ, ಮೊದಲು ಯಾವುದು ತಾಳೆಯಾಯಿತೋ ಅಲ್ಲಿಗೆ ಮುಗಿಯಿತು. ಶುಭಾಶಯಗಳ ಕಾಟವೇ ಹೆಚ್ಚು ಅಂತ, ವಿಷಯದಲ್ಲಿ 'ಶುಭಾಶಯ' ಇದ್ದರೆ ಅದರ ಪೆಟ್ಟಿಗೆಗೆ ಹಾಕು ಎಂಬ ನಿಯಮವನ್ನು ನಾನು ಎಲ್ಲಕ್ಕಿಂತ ಮೇಲೆ ಇಟ್ಟೆ. ಬೇರೆ ಪೆಟ್ಟಿಗೆಗೆ ಹೋದದ್ದಕ್ಕೆ ನನ್ನ ಫೋನು ಸದ್ದು ಮಾಡುವುದಿಲ್ಲ. ಆ ಮೌನ ನನಗೆ ಬಹಳ ಹಿತವಾಯಿತು. ಅರ್ಜಿ, ದೂರುಗಳ ಪೆಟ್ಟಿಗೆಯನ್ನು ದಿನಾ ತೆರೆದು ನೋಡುತ್ತಿದ್ದೆ. ಶುಭಾಶಯದ್ದನ್ನು ಯಾರು ನೋಡ್ತಾರೆ?

ನಮ್ಮ ಕಟ್ಟಡದಲ್ಲಿ ಹೊಸ ಮೈಲ್ ಅಂತ ಯಾರೂ ಬರೆಯುವುದಿಲ್ಲ ಎಂಬುದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಮೂರನೇ ಮಹಡಿಯ ನಿವೃತ್ತರೊಬ್ಬರು ನೀರಿನ ಟ್ಯಾಂಕಿನ ಬಗ್ಗೆ, ಪಾರಿವಾಳದ ಬಗ್ಗೆ, ಎಲ್ಲದರ ಬಗ್ಗೆಯೂ 'ಲಿಫ್ಟ್ ರಿಪೇರಿ' ಎಂಬ ಹಳೇ ಕಾಗದಕ್ಕೆ ಉತ್ತರವಾಗಿಯೇ ಬರೆಯುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ.

"ಹೊಸತಾದರೆ ಅಡ್ರೆಸ್ ಹಾಕಬೇಕಲ್ಲ ಮಾರಾಯ್ರೆ. ಇದರಲ್ಲಾದರೆ ರಿಪ್ಲೈ ಒತ್ತಿದರೆ ಆಯ್ತು."

ನಾನು ನಕ್ಕು ಮೆಟ್ಟಿಲು ಹತ್ತಿದೆ. ಆಗಲೇ ಎಚ್ಚರವಾಗಬೇಕಿತ್ತು.

ನಮ್ಮ ಎದುರು ಬಾಗಿಲಿನವರು ಬ್ಯಾರಿ ಮುಸ್ಲಿಮರು. ಆ ಮನೆಯಾಕೆ ನನಗಿಂತ ಚಿಕ್ಕವಳು, ಅವಳ ಗಂಡನಿಗೆ ಬಂದರಿನ ಹತ್ತಿರ ಅಂಗಡಿ. ಅವಳ ತಂದೆಗೆ ಪಾರ್ಶ್ವವಾಯು ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದರು, ಸೋಮವಾರ ಗಾಲಿಕುರ್ಚಿಯಲ್ಲಿ ಇವಳ ಮನೆಗೆ ಬರುವವರಿದ್ದರು. ಪಾರ್ಕಿಂಗಿನಿಂದ ಲಿಫ್ಟಿಗೆ ನಾಲ್ಕು ಮೆಟ್ಟಿಲು. ಅದರ ಮೇಲೆ ಕಬ್ಬಿಣದ ಇಳಿಜಾರು ಹಾಕಿಸಬೇಕಾದರೆ ತಿಂಗಳಿಗೊಮ್ಮೆ ಸೇರುವ ಸಮಿತಿಯ ಒಪ್ಪಿಗೆ ಬೇಕು, ಅರ್ಜಿ ಸಭೆಗೆ ಒಂದು ವಾರ ಮೊದಲೇ ಮೈಲಿನಲ್ಲಿ ಬಂದಿರಬೇಕು. ಸಭೆ ಭಾನುವಾರ. ಶುಕ್ರವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯುವಾಗ ಅವಳು ಕೇಳಿದಳು.

"ಅಕ್ಕ, ಇಳಿಜಾರಿಗೆ ಕೇಳಿದ ನನ್ನ ಮೈಲ್ ನೋಡಿದ್ರಾ?"

"ಬಂದಿಲ್ಲವಲ್ಲ. ಸರಿಯಾಗಿ ಕಳಿಸಿದ್ದೀರಾ?"

ಅವಳು ಫೋನು ತೆರೆದು, ಬೆರಳಿಗೆ ಹತ್ತಿದ್ದ ಹಿಟ್ಟನ್ನು ಶಾಲಿಗೆ ಒರೆಸಿಕೊಂಡು ನೋಡಿದಳು. "ಹೋಗಿದೆ ಅಂತ ತೋರಿಸ್ತದೆ."

"ಅಡ್ರೆಸ್ ತಪ್ಪಿರಬಹುದು."

"ಇನ್ನೊಮ್ಮೆ ಕಳಿಸ್ತೇನೆ, ಆಗದಾ?"

ನಾನು ಅರ್ಜಿಯ ಪೆಟ್ಟಿಗೆಯನ್ನು ಆ ದಿನ ನಾಲ್ಕು ಸಲ, ಶನಿವಾರ ಆರು ಸಲ ತೆರೆದೆ. ಎಂತದೂ ಇರಲಿಲ್ಲ. ಪಾಪ, ಅವಳಿಗೆ ಮೈಲ್ ಗೊತ್ತಾಗುವುದಿಲ್ಲ ಅಂತ ಅಂದುಕೊಂಡೆ.

ಭಾನುವಾರ ಸಭೆಯಲ್ಲಿ ಅವಳು ಬಾಯಲ್ಲಿ ಕೇಳಿದ್ದನ್ನು ನಾನು ಹೇಳಿದೆ.

"ಮೈಲ್ ಉಂಟಾ?" ಅಂದರು ಅಧ್ಯಕ್ಷರು.

"ಇಲ್ಲ."

"ಬಾಯಲ್ಲಿ ಹೇಳಿದ್ದಕ್ಕೆ ನಾವು ಹೂಂ ಅಂದರೆ ನಾಳೆ ಎಲ್ಲರೂ ಬಾಯಲ್ಲೇ ಹೇಳ್ತಾರೆ. ಮುಂದಿನ ತಿಂಗಳು ನೋಡುವ."

ಸೋಮವಾರ ಬೆಳಿಗ್ಗೆ ಜಾಗ ತುಂಬುತ್ತಾ ಬಂತು ಅಂತ ಸರ್ವರ್ ಎಚ್ಚರಿಸಿತು. ಖಾಲಿ ಮಾಡಲಿಕ್ಕೆ ಶುಭಾಶಯಗಳ ಪೆಟ್ಟಿಗೆ ತೆರೆದೆ. ದೀಪ, ಗುಲಾಬಿ, ಚಂದ್ರನ ನಡುವೆ ಅವಳ ಎರಡು ಮೈಲ್. ಈದ್ ದಿನ ಸಂಘದ ಹೆಸರಿನಲ್ಲಿ ನಾನೇ ಕಳಿಸಿದ್ದ ಶುಭಾಶಯಕ್ಕೆ ಉತ್ತರವಾಗಿ ಬರೆದಿದ್ದಳು. ಮೊದಲನೆಯದು ಸಭೆಗೆ ಹತ್ತು ದಿನ ಮೊದಲು ಬಂದಿತ್ತು. ಶುಕ್ರವಾರದ್ದರ ವಿಷಯದ ಸಾಲಿನಲ್ಲಿ 'ಈದ್ ಶುಭಾಶಯಗಳು' ಎಂಬ ನನ್ನ ಮಾತಿನ ಪಕ್ಕದಲ್ಲಿ 'ಅರ್ಜಿ' ಅಂತಲೂ ಸೇರಿಸಿದ್ದಳು. ಏನು ಸೇರಿಸಿದರೆ ಏನು, ಶುಭಾಶಯದ ನಿಯಮ ಮೇಲಿತ್ತು. ಅಲ್ಲಿಗೆ ನಿಂತಿತು. ಅದನ್ನು ಮೇಲೆ ಇಟ್ಟವಳು ನಾನು.

ಅಧ್ಯಕ್ಷರಿಗೆ ಫೋನ್ ಮಾಡಿ ನನ್ನ ತಪ್ಪು ಎಂದೆ. ತಾರೀಕು ಕೇಳಿದರು, ಹೇಳಿದೆ. "ಹಾಗಾದರೆ ನಿಯಮ ಪ್ರಕಾರವೇ ಬಂದಿದೆ. ಉಳಿದವರಿಗೆ ನಾನು ಹೇಳ್ತೇನೆ, ಹಾಕಿಸ್ಲಿ," ಅಂದರು. ಉರ್ವದ ವೆಲ್ಡಿಂಗಿನವರನ್ನು ಕೇಳಿದರೆ ಶುಕ್ರವಾರದ ಮೊದಲು ಆಗುವುದಿಲ್ಲ. ಅವಳ ತಂದೆ ಬರುವುದು ಈ ಸೋಮವಾರವೇ, ಮೂರು ಗಂಟೆಗೆ.

ಎದುರು ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ನಿಯಮ, ಮೇಲೆ-ಕೆಳಗೆ ಎಲ್ಲ. ಹೇಳುತ್ತಾ ಹೇಳುತ್ತಾ ನನಗೇ ಅಸಹ್ಯವಾಯಿತು. ಅವಳು ಬಾಗಿಲ ಚಿಲಕ ಹಿಡಿದುಕೊಂಡೇ ಕೇಳಿದಳು.

"ನಾನು ಸರಿಯಾಗಿಯೇ ಕಳಿಸಿದ್ದೆ ಅಲ್ಲವಾ ಅಕ್ಕ?"

"ಹೌದು."

"ಬಾಪನಿಗೆ ನಾನು ಎಲ್ಲ ವ್ಯವಸ್ಥೆ ಆಗಿದೆ ಅಂತ ಹೇಳಿಟ್ಟಿದ್ದೇನೆ." ಅಷ್ಟೇ ಹೇಳಿ ಒಳಗೆ ಹೋದಳು.

ಮೂರೂ ಕಾಲಿಗೆ ಕಾರು ಬಂತು. ಗಾಲಿಕುರ್ಚಿ ಮೆಟ್ಟಿಲ ಕೆಳಗೆ ನಿಂತಿತು. ಅವಳ ಗಂಡ, ವಾಚ್‌ಮನ್, ನನ್ನ ಗಂಡ ಸೇರಿ ಮುದುಕರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಎರಡನೇ ಮೆಟ್ಟಿಲಿಗೆ ಕುರ್ಚಿಯ ಕಾಲು ತಾಗಿತು. ಅವರು ಸರಿಯಿದ್ದ ಒಂದೇ ಕೈಯಲ್ಲಿ ಲುಂಗಿಯ ಅಂಚನ್ನು ಮೊಣಕಾಲಿನ ಕೆಳಗೆ ಬಿಗಿಯಾಗಿ ಹಿಡಿದುಕೊಂಡಿದ್ದರು, ಕುರ್ಚಿ ಹಿಡಿಯಲಿಲ್ಲ. ನಾನು ಲಿಫ್ಟಿನ ಬಾಗಿಲಿಗೆ ಕೈ ಒಡ್ಡಿ ನಿಂತಿದ್ದೆ. ಬಾಗಿಲು ಮುಚ್ಚಿ, ಬಾಗಿಲು ಮುಚ್ಚಿ ಅಂತ ಲಿಫ್ಟಿನೊಳಗಿನ ಹೆಂಗಸಿನ ದನಿ ಒಂದೇ ಸಮನೆ ಹೇಳುತ್ತಿತ್ತು.

ಒಳಗೆ ಬಂದ ಮೇಲೆ ಅವರು ಸೊಟ್ಟಗಾಗಿದ್ದ ಬಾಯಿಯಲ್ಲಿ ನಿಧಾನವಾಗಿ ನನಗೆ ಹೇಳಿದರು. "ನನ್ನಿಂದ ನಿಮಗೆಲ್ಲ ತೊಂದರೆ ಆಯ್ತಮ್ಮ."

ಮಗಳು ನನ್ನ ಮುಖ ನೋಡಲಿಲ್ಲ. ನಾನು ನಾಲ್ಕನೇ ಮಹಡಿಯ ಗುಂಡಿ ಒತ್ತಿದೆ.